ಕಿಸೆಯೊಳಗಿನ ಎಡಗೈ

ಎಪ್ಪತ್ತರ ದಶಕದಲ್ಲಿ ಯರಗಟ್ಟಿ ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವವರು ನಾವಿಬ್ಬರೇ: ನಾನು ಮತ್ತು ಎದುರಂಗಡಿಯವರು. ಗಿರಾಕಿಗಳು ನನ್ನ ಅಂಗಡಿ ದಾಟಿ ಎದುರಿನ ಅವರ ಅಂಗಡಿಗೆ ಹೋಗುತ್ತಿದ್ದರು. ಕರೆಂಟಿದ್ದ ಸೆಟ್ಟಿಗೆ ಕೈ ಹಾಕುವಾಗ ಅವರ ಎಡಗೈ ಯಾವಾಗಲೂ ಕಿಸೆಯಲ್ಲಿರುತ್ತಿತ್ತು. "ಬಲಗೈ ಗಿರಾಕೀದು, ಎಡಗೈ ಮನಿ ಮಂದೀದು," ಎನ್ನುತ್ತಿದ್ದರು. ನನಗದು ನವಾಬನ ಠೀವಿಯಂತೆ ಕಂಡು ಹೊಟ್ಟೆ ಉರಿಯುತ್ತಿತ್ತು.

ಒಮ್ಮೆ ಕಟಕೋಳದ ಮಾಸ್ತರರೊಬ್ಬರು ತಮ್ಮ ಹಳೆಯ ವಾಲ್ವ್ ರೇಡಿಯೋ ನನ್ನಲ್ಲಿ ಬಿಟ್ಟುಹೋದರು. "ನಮಗ ದೇವ್ರು ಎರಡು ಕೈ ಕೊಟ್ಟಾನ್ರಿ," ಎಂದು ಎದುರಂಗಡಿಗೆ ಕೇಳುವಂತೆ ಹೇಳಿ, ಎಡಗೈಯಿಂದ ಕರೆಂಟಿದ್ದ ಸೆಟ್ಟಿನ ತಗಡು ಹಿಡಿದು ಬಲಗೈ ಒಳಗಿಟ್ಟೆ. ಎರಡೂ ಕೈ ಬಿಗಿದುಕೊಂಡವು. ಎದೆ ಹಿಂಡಿತು, ಕೂಗಲು ಬಾಯಿ ಬರಲಿಲ್ಲ. ಎದುರಂಗಡಿಯವರು ಓಡಿಬಂದು, ನನ್ನನ್ನು ಮುಟ್ಟದೆ, ಗೋಡೆಯಿಂದ ಪ್ಲಗ್ ಕಿತ್ತರು.

"ಒಂದ ಕೈಲೆ ಬಂದದ್ದು ಇನ್ನೊಂದ ಕೈಲೆ ಹೋಗತೈತಿ. ನಡುವ ಎದಿ ಐತಲ್ರಿ," ಎಂದಷ್ಟೇ ಹೇಳಿದರು.

ಮರುದಿನ ನಾನೂ ಎಡಗೈ ಕಿಸೆಗೆ ಹಾಕಿಕೊಂಡು ಕೆಲಸ ಮಾಡುತ್ತಿದ್ದೆ. ರೇಡಿಯೋ ಒಯ್ಯಲು ಬಂದ ಮಾಸ್ತರರು ನಕ್ಕರು: "ಏನ್ರೀ, ಎದುರಿನವರ ಶಿಷ್ಯಾ ಆದ್ರಿ?"

"ಛೇ, ನಾ ಮೊದ್ಲಿಂದನೂ ಹಿಂಗ ಮಾಡ್ತೇನ್ರಿ."

ಅದು ಎದುರಂಗಡಿಯವರಿಗೂ ಕೇಳಿಸಿತು. "ಹೌದ್ರಿ ಮಾಸ್ತರ, ಅವರ್ನ ನೋಡೇ ನಾ ಕಲತದ್ದು," ಎಂದು ಅಲ್ಲಿಂದಲೇ ಹೇಳಿ, ತಲೆ ತಗ್ಗಿಸಿ ಮತ್ತೆ ತಮ್ಮ ಕೆಲಸಕ್ಕೆ ತೊಡಗಿದರು.

ಅವರ ಮೇಲೆ ಅಷ್ಟು ಹೊಟ್ಟೆಕಿಚ್ಚು ನನಗೆ ಹಿಂದೆಂದೂ ಆಗಿರಲಿಲ್ಲ.