ಸುಮಿತ್ರಾಳ ಬಾಯಲ್ಲಿ ನಾನು ಹೇಳಿಸಿದ ಸುಳ್ಳು

ನಸ್ರೀನಳ ಮಂಡಿ ನೋಯುತ್ತಿದ್ದದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆಡಿಸಿದೆ. ಆಮೇಲೆ ಗೊತ್ತೇ ಇರಲಿಲ್ಲ ಎಂದೆ — ಅಷ್ಟೇ ಆಗಿದ್ದರೆ ಇದನ್ನು ಬರೆಯುವುದು ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಆ ಸುಳ್ಳನ್ನು ಹದಿನೈದು ವರ್ಷದ ಇನ್ನೊಬ್ಬ ಹುಡುಗಿಯ ಬಾಯಲ್ಲೂ ಹೇಳಿಸಿದೆ.

ಚನ್ನಪಟ್ಟಣದ ಒಂದು ಹೈಸ್ಕೂಲಿನಲ್ಲಿ ನಾನು ಪಿ.ಟಿ. ಮೇಷ್ಟ್ರಾಗಿದ್ದೆ. ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ ಕಟ್ಟಿದ್ದೆ. ನಮ್ಮ ಅಂಕಣಕ್ಕೆ ಸಿಮೆಂಟ್ ಇರಲಿಲ್ಲ, ರಿಂಗಿಗೆ ಬಲೆ ಇರಲಿಲ್ಲ. ಇದ್ದದ್ದು ನನ್ನ ಮಾತು. ಬೆವರು ಸುರಿಸಬೇಕು, ಬಿದ್ದರೆ ಏಳಬೇಕು, ಎಲ್ಲರಿಗಿಂತ ತಂಡ ದೊಡ್ಡದು — ದಿನಾ ಬೆಳಿಗ್ಗೆ ಇದೇ. ಆ ಮಾತುಗಳು ತಪ್ಪೆಂದು ಇವತ್ತಿಗೂ ಅನ್ನಿಸುವುದಿಲ್ಲ. ಅವನ್ನು ನಾನು ಯಾವುದಕ್ಕೆ ಬಳಸಿದೆ ಎಂದು ನೆನೆದಾಗ ಮಾತ್ರ — ನನ್ನ ಮೇಲೆ ನನಗೇ ರೋಸಿಹೋಗುತ್ತದೆ.

ನಸ್ರೀನ್, ಗೊಂಬೆ ಮಾಡುವ ರಫೀಕ್ ಸಾಬರ ಮಗಳು. ಅವಳಷ್ಟು ಎತ್ತರ ಹಾರುವವರು ನಮ್ಮ ತಂಡದಲ್ಲಿ ಬೇರೆ ಯಾರೂ ಇರಲಿಲ್ಲ. ಜಿಲ್ಲಾ ಫೈನಲ್ಲಿನ ಹಿಂದಿನ ದಿನ, ಪ್ರಾಕ್ಟೀಸಿನ ನಡುವೆ ಕುಂಟುತ್ತಾ ನನ್ನ ಹತ್ತಿರ ಬಂದಳು. ಹೊಂಗನೂರಿನ ಸುಮಿತ್ರಾ, ನಮ್ಮ ಕ್ಯಾಪ್ಟನ್, ಅವಳ ತೋಳು ಹಿಡಿದುಕೊಂಡಿದ್ದಳು.

"ಸಾ, ಮಂಡಿ ಒಳ್ಗೆ ಟಕ್ ಅಂತೈತೆ. ಕಾಲು ಊರಕ್ಕಾಯ್ತಿಲ್ಲ," ಎಂದಳು ನಸ್ರೀನ್.

"ನೋವು ಯಾರಿಗಿಲ್ಲ? ನೀನೊಬ್ಳು ಕೂತ್ರೆ ಎಲ್ರೂ ಸೋತಂಗೆ. ಹೋಗು, ಓಡು."

ಓಡಿದಳು. ಮಾರನೆಯ ದಿನ ರಾಮನಗರದಲ್ಲಿ ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿರುವಾಗ, ಚೆಂಡಿಗೆ ಹಾರಿದವಳು ಇಳಿಯುತ್ತಲೇ ಮಂಡಿ ತಿರುಚಿಕೊಂಡು ಬಿದ್ದಳು. ಆ ಕೂಗು... ನಾವು ಗೆದ್ದೆವು. ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ಯುವಾಗ ಗೆದ್ದ ಕಪ್ ನನ್ನ ತೊಡೆಯ ಮೇಲಿತ್ತು. ಮಂಡಿಯ ಲಿಗಮೆಂಟ್ ಹರಿದುಹೋಗಿತ್ತು.

"ಮೊದಲೇ ನೋವಿತ್ತಂತೆ, ನಿಮಗೆ ಗೊತ್ತಿರಲಿಲ್ಲವೇ?" ಎಂದು ಹೆಡ್‌ಮಾಸ್ಟರು ಕೇಳಿದರು. "ಇಲ್ಲ ಸಾರ್, ಮುಚ್ಚಿಟ್ಟಿದ್ದಾಳೆ," ಎಂದೆ. ಸುಮಿತ್ರಾಳನ್ನೂ ಕೇಳುತ್ತೇನೆ ಎಂದರು ಅವರು. ನಾನು ಅವರಿಗಿಂತ ಮೊದಲೇ ಹೋಗಿ ಅವಳನ್ನು ಮೆಟ್ಟಿಲ ಬಳಿ ನಿಲ್ಲಿಸಿಕೊಂಡೆ.

"ನಿಜ ಹೇಳಿದ್ರೆ ಟೀಮೇ ಮುಚ್ಚೋಯ್ತದೆ ಕಣಮ್ಮ. ಒಬ್ಬಳಿಗಿಂತ ಟೀಮ್ ದೊಡ್ದು, ಅಲ್ವಾ?"

ಅವಳು ಹೆಡ್‌ಮಾಸ್ಟರ ಕೋಣೆಗೆ ಹೋಗಿ, "ನಮ್ಗೇನೂ ಹೇಳ್ನಿಲ್ಲ ಸಾ ಅವ್ಳು," ಎಂದಳು. ಮರುದಿನ ಜೆರ್ಸಿ ಮಡಿಸಿ ನನ್ನ ಮೇಜಿನ ಮೇಲಿಟ್ಟು ಹೋದವಳು ಮತ್ತೆ ಚೆಂಡು ಮುಟ್ಟಲಿಲ್ಲ. ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಆ ಇಬ್ಬರೂ ಆಮೇಲೆ ಮಾತಾಡಲಿಲ್ಲ.

ಒಂದು ವಾರದ ನಂತರ ರಫೀಕ್ ಸಾಬರು ಬಂದರು. ಅರಗಿನ ಬಣ್ಣ ಹತ್ತಿದ ಕೈಗಳನ್ನು ಜೋಡಿಸಿದರು. "ನಮ್ ಮಗ್ಳು ನಿಮ್ ತಾವ ಮುಚ್ಚಿಟ್ಬುಟ್ಳು ಸಾರ್. ನಿಮ್ಗೆ ಕೆಟ್ ಹೆಸ್ರು ತಂದ್ಬುಟ್ಳು. ಮಾಫ್ ಮಾಡ್ಬೇಕು."

ನಾನು ಮಾಫ್ ಮಾಡಿದೆ. "ಪರವಾಗಿಲ್ಲ ಬಿಡಿ" ಎಂದೆ — ಹೌದು, ಹಾಗೇ ಎಂದೆ.

ವರ್ಷಗಳು ಉರುಳಿದವು. ಎರಡು ತಿಂಗಳ ಹಿಂದೆ ಬಿಡದಿಯ ಬಸ್ ಸ್ಟ್ಯಾಂಡಿನಲ್ಲಿ ನಸ್ರೀನ್ ಸಿಕ್ಕಳು. ಕಾರ್ಖಾನೆಯ ಕೆಲಸ ಮುಗಿಸಿ ಹೊರಟಿದ್ದಳು. ಈಗಲೂ ಒಂದು ಕಾಲು ಎಳೆಯುತ್ತಾಳೆ.

"ಅಬ್ಬಾ ತೀರ್ಕೊಂಡ್ರು ಸಾ," ಎಂದಳು. "ನಿಮ್ಗೆ ಹೇಳಿದ್ದೆ ಅಂದ್ರೆ ಕೊನೇಗಂಟ ನಂಬ್ನಿಲ್ಲ. ಮೇಷ್ಟ್ರು ಯಾಕ್ ಸುಳ್ಳೇಳ್ತಾರೆ ಅಂತಿದ್ರು. ಅಮ್ಮೀನೂ ಅಂಗೇ ಅಂತಾರೆ."

ಬೈಯಬಹುದಿತ್ತು. ಬೈಯಲಿಲ್ಲ. ಬಸ್ಸು ಬಂತು, ಕಂಬಿ ಹಿಡಿದು ನಿಧಾನವಾಗಿ ಹತ್ತಿದಳು.

ಕಳೆದ ಭಾನುವಾರ, ನಿವೃತ್ತನಾದ ನನಗೆ ಹಳೆಯ ವಿದ್ಯಾರ್ಥಿಗಳು ಸನ್ಮಾನ ಇಟ್ಟುಕೊಂಡಿದ್ದರು. ಛಲ, ಶ್ರಮ, ಒಗ್ಗಟ್ಟು ಎಂದು ನನ್ನ ಮಾತುಗಳನ್ನೇ ಒಬ್ಬೊಬ್ಬರಾಗಿ ನನಗೆ ಒಪ್ಪಿಸಿದರು. ಕೇಳಲಾಗಲಿಲ್ಲ. ಮೈಕ್ ತೆಗೆದುಕೊಂಡು, ನಸ್ರೀನ್ ನೋವು ಹೇಳಿಕೊಂಡಿದ್ದಳು, ನಾನೇ ಆಡಿಸಿದೆ, ಸುಳ್ಳು ಹೇಳಿದೆ ಎಂದೆ. ಆಮೇಲೆ — ಚಪ್ಪಾಳೆ! "ಎಂಥಾ ದೊಡ್ಡ ಮನ್ಸು ನೋಡ್ರಪ್ಪಾ," ಎಂದು ಯಾರೋ ಕೂಗಿದರು. ನನ್ನ ತಪ್ಪಿಗೂ ಶಾಲು ಹೊದಿಸಲು ಬಂದರು. ನಾಚಿಕೆಯಾಗಬೇಕಿತ್ತು. ನಿಜ ಹೇಳುತ್ತೇನೆ, ಒಳಗೊಳಗೇ ಹಗುರಾಯಿತು.

ಕೊನೆಯ ಸಾಲಿನಲ್ಲಿ ಸುಮಿತ್ರಾ ಎದ್ದು ನಿಂತಳು.

"ಅರ್ಧ ಹೇಳಿದ್ರಿ ಸಾ. ನನ್ ಬಾಯಲ್ಲಿ ಹೇಳಿಸಿದ್ದು? ಅದನ್ಯಾವಾಗ ಹೇಳ್ತೀರಾ?"

ಅದನ್ನು ನಾನು ಮರೆತಿರಲಿಲ್ಲ. ಬೇಕೆಂದೇ ಬಿಟ್ಟಿದ್ದೆ. ತಪ್ಪೊಪ್ಪಿಕೊಳ್ಳುವಾಗಲೂ ನನಗೆ ಒಪ್ಪುವಷ್ಟನ್ನೇ ಆರಿಸಿಕೊಂಡಿದ್ದೆ.

ಶಾಲು ಹಿಡಿದು ನಿಂತವರನ್ನು ಸರಿಸಿ, ಮೆಟ್ಟಿಲ ಬಳಿ ಆಡಿದ ಮಾತನ್ನು ಅಕ್ಷರ ಬಿಡದೆ ಹೇಳಿದೆ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಸುಮಿತ್ರಾ ಕೇಳಿಸಿಕೊಂಡು, ಚಪ್ಪಲಿ ಮೆಟ್ಟಿ ಹೊರಟುಹೋದಳು.

ರಫೀಕ್ ಸಾಬರಿಗೆ ಇನ್ನು ಹೇಳಲಾರೆ. ಅವರ ಹೆಂಡತಿ ಇದ್ದಾರೆ. ಮಗಳೇ ಸುಳ್ಳಿ ಎಂದು ಇನ್ನೂ ನಂಬಿದ್ದಾರೆ. ನಾಳೆ ಬೆಳಿಗ್ಗೆ ಆ ಮನೆಗೆ ಹೋಗುತ್ತೇನೆ. ಕೂತ್ಕೊಳ್ಳಿ ಮೇಷ್ಟ್ರೇ ಎಂದರೂ ಕೂರುವುದಿಲ್ಲ — ನಿಂತೇ ಹೇಳುತ್ತೇನೆ, ನಸ್ರೀನಳ ಎದುರಿಗೇ.