ಎದುರುಮನೆಯ ಡಬ್ಬಿ

ಹುಬ್ಬಳ್ಳಿಯಲ್ಲಿ ಸೂಪರ್ ಮಾರ್ಕೆಟ್ ಶುರುವಾದ ವರ್ಷ ನನ್ನ ಮಗಳಿಗೆ ನಾಲ್ಕು ತುಂಬಿತ್ತು. ನಾವಾಗ ಧಾರವಾಡದಲ್ಲಿ, ಕೆಲಗೇರಿ ಕಡೆಗೆ ಹೋಗುವ ರಸ್ತೆಯ ಬಾಡಿಗೆ ಮನೆಯಲ್ಲಿದ್ದೆವು. ಅದಕ್ಕೂ ಮೊದಲು ಓಣಿಯ ಕಿರಾಣಿ ಅಂಗಡಿಗೆ ಯಾದಿ ಬರೆದು ಕೊಟ್ಟರೆ ತಿಂಗಳ ಸಾಮಾನು ಚೀಲದಲ್ಲಿ ಬರುತ್ತಿತ್ತು. ಯಾದಿಯಲ್ಲಿ ಇಲ್ಲದ್ದು ಬರುತ್ತಿರಲಿಲ್ಲ. ಅದೆಷ್ಟು ದೊಡ್ಡ ಸುಖವಾಗಿತ್ತು ಎಂಬುದು ಟ್ರಾಲಿ ಕೈಗೆ ಬಂದ ಮೇಲೆ ತಿಳಿಯಿತು.

ಭಾನುವಾರ ಸ್ಕೂಟರಿನಲ್ಲಿ ಮೂವರೂ ಹೋಗುತ್ತಿದ್ದೆವು. ಹೋಗುವಾಗ ರಾಯಾಪುರ ಬರುವಷ್ಟರಲ್ಲಿ, ಬೇಕಾದ್ದು ಬಿಟ್ಟು ಒಂದು ಕಡ್ಡಿಪೆಟ್ಟಿಗೆಯನ್ನೂ ಹೆಚ್ಚಿಗೆ ಕೊಳ್ಳುವುದಿಲ್ಲ ಎಂದು ಗಂಡ ಹೆಂಡತಿ ಇಬ್ಬರೂ ಆಣೆ ಮಾಡಿರುತ್ತಿದ್ದೆವು. ಬರುವಾಗ ಅದೇ ರಾಯಾಪುರದಲ್ಲಿ ಜಗಳ.

"ಒಂದು ತಗೊಂಡ್ರ ಒಂದು ಫುಕಟ್ ಐತಿ. ಬಿಡು ಅಂದ್ರ ಹೆಂಗ ಬಿಡ್ಲಿ?" ಎನ್ನುತ್ತಿದ್ದರು ನನ್ನ ಗಂಡ.

"ಆ ಒಂದೂ ನಮಗ ಬೇಕಾಗಿರಲಿಲ್ರಿ," ಎಂದು ಹಿಂದಿನ ಸೀಟಿನಿಂದ ನಾನು. ನಡುವೆ ಕುಳಿತ ಮಗಳ ತೊಡೆಯ ಮೇಲೆ ಫುಕಟ್ ಬಂದ ಪ್ಲಾಸ್ಟಿಕ್ ಬೋಗುಣಿ.

ನನಗೆ ಇಷ್ಟು ಸಂಕಟವಾಗಲು ಕಾರಣವಿತ್ತು. ಪೇಟೆಯ ಟೇಲರ್ ಒಬ್ಬರು ಅಂಗಡಿ ಮುಚ್ಚುವವರಿದ್ದರು. ಅವರ ಹಳೆಯ ಪೀಕೋ ಮಶಿನ್ ನಾನು ನೋಡಿ ಬಂದಿದ್ದೆ. ಸೀರೆಗೆ ಪೀಕೋ, ಫಾಲ್ ಮಾಡಲು ನನಗೆ ಮದುವೆಗೆ ಮೊದಲೇ ಬರುತ್ತಿತ್ತು. ತವರಿಗೆ ಹೋಗುವ ಬಸ್ಸಿನ ಚಾರ್ಜಿಗೂ ಕೈಚಾಚುವುದು ನನಗೆ ಸಾಕಾಗಿ ಹೋಗಿತ್ತು. ದೀಪಾವಳಿಯವರೆಗೆ ಕಾಯುತ್ತೇನೆ ಎಂದಿದ್ದರು ಟೇಲರ್. ತುಳಸಿ ಲಗ್ನ ಮುಗಿದರೆ ಮದುವೆಗಳು ಶುರು. ಅಷ್ಟರೊಳಗೆ ಮಶಿನ್ ಮನೆಗೆ ಬರಬೇಕಿತ್ತು, ಮತ್ತು ಆ ದುಡ್ಡು ಉಳಿಯಬೇಕಾದದ್ದು ಸೂಪರ್ ಮಾರ್ಕೆಟ್ಟಿನಲ್ಲೇ. ಬಾಡಿಗೆಯಲ್ಲಿ ಉಳಿಸಲು ಬರುತ್ತದೆಯೇ?

ಮೊದಲ ಗಿರಾಕಿಯೂ ಸಿಕ್ಕಾಗಿತ್ತು. ಅಂಗಳದ ಆಚೆ, ನಮ್ಮ ಎದುರಿಗೆ, ಹತ್ತಿ ವ್ಯಾಪಾರದವರ ಮನೆ. ಆ ಮನೆಯ ಸೊಸೆಯನ್ನು ನಾನು ಅಕ್ಕಾರ ಎಂದು ಕರೆಯುತ್ತಿದ್ದೆ. ಮಾಘದಲ್ಲಿ ಅವರ ನಾದಿನಿಯ ಮದುವೆ. "ಮಶಿನ್ ಒಂದು ತಗೋರಿ. ಲಗ್ನದ ಸೀರಿ ಅಷ್ಟೂ ನಿಮ್ಮ ಕಡೀನ ಕೊಡ್ತೇನಿ," ಎಂದಿದ್ದರು.

ಸರಿ, ಟೊಂಕ ಕಟ್ಟಿದೆ. ಟ್ರಾಲಿ ಬಿಟ್ಟು ಕೈಬುಟ್ಟಿ ಹಿಡಿದೆ. ಮಗಳನ್ನು ಅಕ್ಕಾರ ಮನೆಯಲ್ಲಿ ಬಿಟ್ಟು, ಗಂಡನಿಗೆ ಹೊಟ್ಟೆ ತುಂಬ ಊಟ ಹಾಕಿ ಕರೆದುಕೊಂಡು ಹೋದೆ. ಜೋಳ, ಬೇಳೆ ಮತ್ತೆ ಓಣಿಯ ಅಂಗಡಿಯಿಂದಲೇ ಬರತೊಡಗಿದವು. ಬಿಲ್ಲು ಇಳಿಯಿತು. ಇಳಿಯದೆ ಉಳಿದದ್ದು ಒಂದೇ: ಡಬ್ಬಿ ತುಂಬುವ ಸಾಮಾನು.

ಎದುರುಮನೆಯಿಂದ ಹಬ್ಬ ಹುಣ್ಣಿಮೆಗೆ ಒಂದು ಸ್ಟೀಲ್ ಡಬ್ಬಿ ಬರುತ್ತಿತ್ತು. ಮುಚ್ಚಳದ ಮೇಲೆ ಅಕ್ಕಾರ ಅತ್ತೆಯ ಹೆಸರು ಕೊರೆಸಿತ್ತು. ಒಳಗೆ ಮಾದಲಿ, ಕರಚಿಕಾಯಿ, ಹೋಳಿಗೆ. ನಮ್ಮ ಕಡೆ ಅಂಥ ಡಬ್ಬಿ ಬರಿದಾಗಿ ವಾಪಸು ಹೋಗಬಾರದು. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆ ಹಾಕಿ ಕೊಟ್ಟರೂ ಆಯಿತು, ಯಾರೂ ಏನೂ ಅನ್ನುವುದಿಲ್ಲ. ಆದರೆ ಮೊದಲ ಸಲ ನಾನು ಹಾಕಿದ್ದು ಸೂಪರ್ ಮಾರ್ಕೆಟ್ಟಿನ ಗೋಡಂಬಿ ಬಿಸ್ಕೀಟು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕಿತ್ತು ನನಗೆ. ಅವರ ಅತ್ತೆ ಕಟ್ಟೆಯ ಮೇಲೆ ಕುಳಿತು, "ಭಾಳ ಛಲೋ ಅದಾವ ಬಿಡ್ರಿ, ನಮ್ಮ ಓಣ್ಯಾಗ ಇಂಥಾವು ಸಿಗೂದಿಲ್ಲ," ಎಂದಾಗ ನಾನು ಉಬ್ಬಿದ್ದೇ ಉಬ್ಬಿದ್ದು. ಅದಾದ ಮೇಲೆ ಸಕ್ಕರೆ ಹಾಕುವ ಮುಖ ನನಗೆಲ್ಲಿತ್ತು? ಒಮ್ಮೆ ಖರ್ಜೂರ, ಒಮ್ಮೆ ಚಾಕಲೇಟು. ಅವರೂ ಬಿಡಲಿಲ್ಲ. ಡಬ್ಬಿ ಪದೇ ಪದೇ ಬರತೊಡಗಿತು, ಒಳಗೆ ತುಪ್ಪ ಹೆಚ್ಚಾಗತೊಡಗಿತು.

"ಒಂದು ಚಮಚಾ ಸಕ್ಕರಿ ಹಾಕಿ ಕೊಡು. ನಮ್ಮವ್ವ ಜನ್ಮಪೂರ್ತಿ ಅದನ್ನ ಮಾಡ್ಯಾಳ," ಎಂದರು ಗಂಡ.

"ನಿಮ್ಮವ್ವ ಗೋಡಂಬಿ ಬಿಸ್ಕೀಟಿನಿಂದ ಚಾಲೂ ಮಾಡಿರಲಿಲ್ಲ."

ದಸರೆ ಮುಗಿದ ವಾರ ಟೇಲರ್ ಹೇಳಿ ಕಳಿಸಿದರು: ಬೇರೆ ಯಾರೋ ಬಂದು ಮಶಿನ್ ನೋಡಿ ಹೋಗಿದ್ದಾರೆ, ಭಾನುವಾರದೊಳಗೆ ದುಡ್ಡು ಕೊಡಿ. ಕೂಡಿಟ್ಟದ್ದನ್ನು ತೆಗೆದು ನೋಡಿದೆ. ಸ್ವಲ್ಪಕ್ಕೇ ಕಡಿಮೆ ಬಿದ್ದಿತ್ತು. ಎಷ್ಟು ಸ್ವಲ್ಪವೆಂದರೆ, ಆ ಖರ್ಜೂರ ಚಾಕಲೇಟು ಕೊಳ್ಳದಿದ್ದರೆ ಸರಿಹೋಗುತ್ತಿತ್ತು. ಅದೇ ಹೊತ್ತಿಗೆ ಅಂಗಳ ದಾಟಿ ಡಬ್ಬಿ ಬಂತು. ಶೇಂಗಾ ಹೋಳಿಗೆ.

ನನಗೆ ಮೈಯೆಲ್ಲ ಉರಿಯಿತು. ಹೋಳಿಗೆ ತೆಗೆದಿಟ್ಟು ಡಬ್ಬಿ ತೊಳೆದೆ, ಒರೆಸಿದೆ, ಮುಚ್ಚಳ ಹಾಕಿದೆ. ಸಕ್ಕರೆ ಡಬ್ಬಿ ಕೈಗೆ ಸಿಗುವಲ್ಲೇ ಇತ್ತು. ಹಾಕಲಿಲ್ಲ. ಮರೆತು ಅಲ್ಲ, ಸಿಟ್ಟಿಗೆ. ಮಗಳ ಕೈಯಲ್ಲಿ ಕೊಟ್ಟು ಕಳಿಸಿದೆ.

"ಏನಂದ್ರವ್ವ?" ಅವಳು ಬಂದ ಕೂಡಲೆ ಕೇಳಿದೆ.

"ಏನೂ ಅನ್ಲಿಲ್ಲ ಮಮ್ಮಿ. ಅಜ್ಜಿ ಮುಚ್ಚಳ ತಗದು ನೋಡಿದ್ಲು. ಮತ್ತ ಮುಚ್ಚಿದ್ಲು."

ಅಲ್ಲಿಗೆ ಡಬ್ಬಿ ನಿಂತಿತು. ಕಡಿಮೆ ಬಿದ್ದದ್ದನ್ನು ತಮ್ಮನ ಹತ್ತಿರ ಇಸಿದುಕೊಂಡು ಮಶಿನ್ ತಂದೆ. ಸೂಪರ್ ಮಾರ್ಕೆಟ್ಟಿನ ಬಿಲ್ಲು ನಾನು ಬಯಸಿದ್ದಕ್ಕಿಂತಲೂ ಕೆಳಗೆ ಬಂತು. ಗಂಡ ಬೆನ್ನು ತಟ್ಟಿದರು. ಬಾಗಿಲಿಗೆ 'ಇಲ್ಲಿ ಪೀಕೋ ಫಾಲ್ ಮಾಡಲಾಗುವುದು' ಎಂದು ಬೋರ್ಡು ಹಾಕಿದೆ. ತುಳಸಿ ಲಗ್ನ ಆಯಿತು, ಎಳ್ಳಮಾವಾಸ್ಯೆಯೂ ಆಯಿತು. ಅಕ್ಕಾರ ಎದುರಾದಾಗ "ಆರಾಮ ಅದೀರೇನ್ರಿ?" ಎನ್ನುತ್ತಿದ್ದರು, ಅಷ್ಟೇ. ಒಂದು ದಿನ ಅವರ ಮನೆಯ ಲಗ್ನದ ಸೀರೆಗಳು ಗಂಟು ಗಂಟಾಗಿ, ನನ್ನ ಬೋರ್ಡಿನ ಮುಂದೆಯೇ ಆಟೋ ಹತ್ತಿ ಪೇಟೆಗೆ ಹೋದವು. ನಾನು ಮಶಿನ್ ಮುಂದೆ ನನ್ನದೇ ಹಳೆಯ ಸೀರೆಗೆ ಫಾಲ್ ಹಚ್ಚುತ್ತ ಕುಳಿತಿದ್ದೆ. ಅವರ ಮೇಲೆ ಸಿಟ್ಟು ಬರಲಿಲ್ಲ. ನನ್ನ ಮೇಲೆ ಬಂತು, ಇವತ್ತಿಗೂ ಹೋಗಿಲ್ಲ.

ಮದುವೆಗೆ ಎಂಟು ದಿನ ಇರುವಾಗ ಬೇಸನ್ ಉಂಡಿ ಕಟ್ಟಿದೆ. ಸೂಪರ್ ಮಾರ್ಕೆಟ್ಟಿನದಲ್ಲ, ಹಿಟ್ಟು ನಾನೇ ಹುರಿದದ್ದು. ನನ್ನ ಡಬ್ಬಿಯಲ್ಲಿ ತುಂಬಿ, ಮಗಳನ್ನು ಕಳಿಸದೆ ನಾನೇ ಅಂಗಳ ದಾಟಿ ಕೊಟ್ಟು ಬಂದೆ. "ಯಾಕ ತ್ರಾಸ ತಗೊಂಡ್ರಿ?" ಎಂದು ಅಕ್ಕಾರ ನಗುತ್ತಲೇ ತೆಗೆದುಕೊಂಡರು. ನನಗೆ ಎದೆ ಹಗುರಾಯಿತು.

ಸಂಜೆ ಅವರೇ ಬಂದರು.

"ನಿಮ್ಮ ಡಬ್ಬಿ ತಗೋರಿ. ಉಂಡಿ ಭಾಳ ಛಲೋ ಆಗಿದ್ವು."

"ಕೂಡ್ರಿ ಅಕ್ಕಾರ, ಚಹಾ ಕುಡದು ಹೋಗೀರಂತ."

"ಇಲ್ರಿ, ಕೆಲಸ ಭಾಳ ಅದಾವ."

ಅವರು ಅಂಗಳ ದಾಟಿ ಬಾಗಿಲು ಮುಚ್ಚುವವರೆಗೆ ಡಬ್ಬಿಯನ್ನು ಹಾಗೇ ಹಿಡಿದು ನಿಂತಿದ್ದೆ. ಆಮೇಲೆ ಮುಚ್ಚಳ ತೆಗೆದು ನೋಡಿದೆ. ಮತ್ತೆ ಮುಚ್ಚಿದೆ.