ಗಿರಿಜಮ್ಮನ ಪಾವಿಗೆ ಹತ್ತಿದ ಮಸಿ

ಸರಕಿನಂತೆ ತಕ್ಕಡಿಗೆ ಹಾಕಿದರೆ ಗಿರಿಜಮ್ಮ ನಲವತ್ತು ಕಿಲೋ ದಾಟುವುದಿಲ್ಲ. ಅದರಲ್ಲಿ ಅರ್ಧ ನಾಲಿಗೆ. ಬೆನ್ನು ಬಾಗಿದೆ, ಬೆರಳು ಮಾತ್ರ ಸವೆದಿಲ್ಲ. ಕೊಯಮತ್ತೂರು ಕಡೆಯ ನೆಗಮಂ ಊರಿನ ಸೀರೆ ವ್ಯಾಪಾರಿ ಹಾಲಪ್ಪನಿಗೆ ಬೆಳಗಿನ ಬೀದಿಯಲ್ಲಿ ಪಾವು ಹಾಸುವವಳು, ಅಂದರೆ ಮಗ್ಗಕ್ಕೇರುವ ಉದ್ದ ನೂಲನ್ನು ಎಳೆದು ಕಟ್ಟಿ ಗಂಜಿ ಬಳಿಯುವವಳು, ಅವಳೇ.

ಹಾಲಪ್ಪನಿಗೊಂದು ಚಾಳಿ. ಒಣಗಿದ ಎಳೆಯನ್ನು ನಾಲಿಗೆಗೆ ಒತ್ತಿ ಗಂಜಿಯ ಗುಣ ಹೇಳುತ್ತಾನೆ. ಅಕ್ಕಿ ಹಳೆಯದು, ಗಂಜಿ ಹುಳಿ ಎಂದು ಏನಾದರೂ ಕೊಂಕು ತೆಗೆಯದೆ ಸರಕು ಒಪ್ಪಿದವನಲ್ಲ.

ಇಂಥವನು 2007ರಲ್ಲಿ, ಬೀದಿಯ ಕೊನೆಯಲ್ಲಿದ್ದ ತನ್ನ ಖಾಲಿ ಶೆಡ್ಡನ್ನು ದಾವಣಗೆರೆಯಿಂದ ಬಂದ ಇಂಜಿನಿಯರ್ ಜೀವನ್‌ಗೆ ಬಾಡಿಗೆಗೆ ಕೊಟ್ಟ. ತಿರುಪ್ಪೂರಿನ ಬನಿಯನ್ ಕಂಪನಿಗಳು ಬಿಸಾಡಿದ ಪ್ಲಾಸ್ಟಿಕ್ ಕವರುಗಳನ್ನು ಕಾಯಿಸಿ ಹೈಡ್ರೋಜನ್ ತೆಗೆಯುವ ಕೆಲಸ.

"ಈ ಗ್ಯಾಸ್ ಉರಿದರೆ ಬರೋದು ಬರೀ ನೀರು, ಸಾಹುಕಾರ್ರೇ," ಎಂದ ಜೀವನ್.

ಉರಿದರೆ ಸರಿ, ತೆಗೆಯುವಾಗ ಏನು ಬರುತ್ತದೆ? ನೂಲಿನ ಮೂಟೆಯ ತಳದವರೆಗೆ ಕೈ ಹಾಕಿ ನೋಡದೆ ಕೊಳ್ಳದ ಹಾಲಪ್ಪ ಅದನ್ನು ಕೇಳಲಿಲ್ಲ.

ಬಂದದ್ದು ಸುಟ್ಟ ಚಪ್ಪಲಿಯ ನಾತ. ಕವರು ಕಾಯಿಸಲು ಹಳೇ ಟೈರು ಉರಿಸುತ್ತಿದ್ದರು. ಹಿಂದಿನ ಗುಂಡಿಯಲ್ಲಿ ಡಾಂಬರಿನಂಥ ಲೋಳೆ. ಅದರಲ್ಲಿ ಸಿಕ್ಕ ಕಾಗೆ ರೆಕ್ಕೆ ಬಿಚ್ಚಲಾಗದೆ ಸತ್ತು, ಅಲ್ಲೇ ಊದಿಕೊಂಡಿತ್ತು. ಸಿಲಿಂಡರುಗಳು ಲಾರಿ ಹತ್ತಿ ಕೊಯಮತ್ತೂರಿಗೆ ಹೋದವು, ಮಸಿ ಬೀದಿಗಿಳಿಯಿತು.

ಒಂದು ಬೆಳಗ್ಗೆ ಹಾಲಪ್ಪ ಎಂದಿನಂತೆ ಎಳೆಯನ್ನು ನಾಲಿಗೆಗೆ ಒತ್ತಿದ. ಮುಖ ಕಿವುಚಿದ.

"ಏನಕ್ಕಾ, ಗಂಜಿಗೆ ಸೀಮೆಎಣ್ಣೆ ಸುರುದ್ಯಾ?"

"ಅಕ್ಕಿ ನಂದು ಸಾವ್ಕಾರ್ರೇ, ಒಗ್ಗರಣೆ ನಿಮ್ ಶೆಡ್ಡುದು. ಚೆನ್ನಾಗ್ ಚಪ್ಪರ್ಸಿ, ಉಗೀಬ್ಯಾಡಿ."

"ತೊಳುದ್ರೆ ಓಯ್ತದೆ ಬುಡು."

"ಮಸಿ ತೊಳುದ್ರೆ ಗಂಜೀನೂ ಓಯ್ತದೆ. ಇನ್ಮೇಲೆ ಈ ಬೀದೀಲಿ ನಾ ಪಾವು ಹಾಸಕಿಲ್ಲ. ಆ ಇಂಜಿನೇರ್ ಹುಡುಗನ ಗ್ಯಾಸಿಂದ ಬರೀ ನೀರು ಬತ್ತದಂತಲ್ಲಾ, ಅದ್ರಲ್ಲೇ ಸೀರೆ ನೇಯ್ಲಿ!"

ಹಾಲಪ್ಪ ಬೇವಿನ ಮರದಡಿ ಉಗುಳಿದ, ಬಾಯಿ ಮುಕ್ಕಳಿಸಿದ, ಕೊನೆಗೆ ವಾಂತಿಯನ್ನೂ ಮಾಡಿದ. ಮಧ್ಯಾಹ್ನದ ಮೊಸರನ್ನಕ್ಕೂ ಅದೇ ರುಚಿ. ಎದ್ದು ಹೋಗಿ, ಶೆಡ್ಡು ಖಾಲಿ ಮಾಡು ಎಂದು ಜೀವನ್‌ಗೆ ಹೇಳಿದ.

"ಕರಾರು ಇನ್ನೊಂದು ಪೊಂಗಲ್ ಹಬ್ಬದವರೆಗೂ ಇದೆಯಲ್ಲ ಸಾಹುಕಾರ್ರೇ," ಎಂದು ಹುಡುಗ ನಕ್ಕ.

ಇತ್ತು. ಒಂದು ಸಂದೂ ಬಿಡದೆ ಅದನ್ನು ಬರೆಸಿದವನು ಹಾಲಪ್ಪನೇ.

ಗಿರಿಜಮ್ಮನ ಗಂಜಿ ಕುಂಚ ಗೋಡೆಗೊರಗಿ ಒಣಗಿದೆ. ಅವಳು ಹೊಸ್ತಿಲಲ್ಲಿ ಕೂತು, ಮೂಗಿಗೆ ಸೆರಗು ಹಿಡಿದು ಹೊಗೆ ನೋಡುತ್ತಾಳೆ. ಅವಳ ಕೂಲಿ ಅಂದಂದಿಗೇ ಸಂದಿದೆ. ಹಾಲಪ್ಪ ಅವಳಿಗೆ ಕೊಡಬೇಕಾದ ಬಾಕಿ ಒಂದು ಬೀದಿ, ಮಸಿ ಬೀಳದ್ದು.